ನೂರರ ಪೋರ್ಟು, ಸೂರತ್ ತುದಿಯ ದನಿ

ಸೂರತ್ತಿನ ತುದಿಯಲ್ಲಿ ಫೋನೆತ್ತಿ ಮಾತಾಡಲು ನಮಗೆ ಯಾರಾದರೂ ಬೇಕಾಗಿತ್ತು. ರೇಡಿಯೊ ಪೆಟ್ಟಿಗೆ ತನ್ನ ಆರೋಗ್ಯವನ್ನು ತಾನೇ ಅಂಕಿಗಳಲ್ಲಿ ಹೇಳುತ್ತದೆ ನಿಜ. ಆದರೆ ಅದರ ಮೂಲಕ ಹೋಗುವ ಮಾತು ಕಿವಿಗೆ ಹೇಗೆ ಕೇಳುತ್ತದೆ ಎಂಬುದನ್ನು ಮನುಷ್ಯರೇ ಹೇಳಬೇಕು. ನಮ್ಮ ಹಿರಿಯ ಎಂಜಿನಿಯರ್ ಸ್ವಲ್ಪ ಸಂಕೋಚದಿಂದ, "ನಮ್ಮ ಮನಿಯಾಕಿ ಇದ್ದಾಳಲ್ರಿ, ದಿನಾ ಮನ್ಯಾಗ ಇರ್ತಾಳ" ಎಂದರು. ಹಾಗೆ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ನಮ್ಮ ಕೆಲಸದೊಳಗೆ ಬಂದರು.

ಈ ಶತಮಾನದ ಮೊದಲ ವರ್ಷಗಳು ಅವು. ಅಹಮದಾಬಾದಿನಿಂದ ವಡೋದರಾಕ್ಕೆ, ಅಲ್ಲಿಂದ ಸೂರತ್ತಿಗೆ, ಗೋಪುರದಿಂದ ಗೋಪುರಕ್ಕೆ ಮೈಕ್ರೋವೇವ್ ರೇಡಿಯೊ ಹಾಯಿಸಿ ಫೋನು, ಇಂಟರ್ನೆಟ್ಟು ಎರಡನ್ನೂ ಒಂದೇ ದಾರಿಯಲ್ಲಿ ಸಾಗಿಸುವ ಕೆಲಸಕ್ಕೆ ನಮ್ಮ ಖಾಸಗಿ ಕಂಪನಿ ಕೈ ಹಾಕಿತ್ತು. ಹಿರಿಯರು ಅಹಮದಾಬಾದಿನ ವಸ್ತ್ರಾಪುರದ ಕಚೇರಿಯಲ್ಲಿ. ನಾನು ನಡುವಿನ ವಡೋದರಾ ಕೇಂದ್ರದಲ್ಲಿ. ನನ್ನ ಗಂಡನಿಗೆ ಕೊಯಾಲಿಯ ರಿಫೈನರಿಯಲ್ಲಿ ಕೆಲಸ, ಅಲ್ಲಿನ ಕ್ವಾರ್ಟರ್ಸಿನಿಂದ ಸ್ಕೂಟಿಯಲ್ಲಿ ಕೇಂದ್ರಕ್ಕೆ ಬರುತ್ತಿದ್ದೆ. ಸೂರತ್ತಿನ ತುದಿ ಇದ್ದದ್ದು ಅಡಾಜಣ್‌ನ ಒಂದು ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ. ಹಿರಿಯರ ಮನೆ ಅದೇ ಕಟ್ಟಡದಲ್ಲಿ. ಜಾಗ ಹುಡುಕುವಾಗ ಸೊಸೈಟಿಯವರನ್ನು ಒಪ್ಪಿಸಿದವರೂ ಅವರೇ. ತಾರಸಿಯಿಂದ ಒಂದು ತಂತಿ ಇಳಿಸಿ ಅವರ ಊಟದ ಕೋಣೆಯಲ್ಲಿ ಪರೀಕ್ಷೆಯ ಫೋನು ಇಟ್ಟೆವು.

ಅವರಿಬ್ಬರೂ ಧಾರವಾಡದವರು. ಮಕ್ಕಳಿರಲಿಲ್ಲ. ಅಕ್ಕ ಊರಿನಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು. ಶ್ವಾಸಕೋಶ ಮೆಲ್ಲಗೆ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಬಂದ ಮೇಲೆ ಕೆಲಸ ಬಿಟ್ಟು ಗಂಡನ ಜೊತೆ ಸೂರತ್ತಿಗೆ ಬಂದಿದ್ದರು. ಅವರನ್ನು ನೋಡುತ್ತಿದ್ದ ಡಾಕ್ಟರು ಸೂರತ್ತಿನಲ್ಲಿ. ಅವರ ಒಡಹುಟ್ಟಿದ ಅಕ್ಕ ಮತ್ತು ಬ್ಯಾಂಕಿನಲ್ಲಿದ್ದ ಭಾವ ಕೆಳಗಿನ ಮಹಡಿಯಲ್ಲಿ. ಹಾಗಾಗಿ ಗಂಡನಿಗೆ ಅಹಮದಾಬಾದಿನ ಜವಾಬ್ದಾರಿ ಬಿದ್ದಾಗ ಅವರು ಅಲ್ಲೇ ಉಳಿದರು. ಔಷಧಿಯಲ್ಲಿ ಕಾಯಿಲೆ ನಿಂತಲ್ಲೇ ನಿಂತಿದೆ ಎಂದು ಡಾಕ್ಟರು ಹೇಳಿದ್ದರು. ಹಿರಿಯರು ಭಾನುವಾರ ಹೋಗಿ ಬರುತ್ತಿದ್ದರು.

ಅಕ್ಕ ಪರೀಕ್ಷೆಯ ಕೆಲಸವನ್ನು ತಮ್ಮದೇ ರೀತಿಯಲ್ಲಿ ಹಿಡಿದರು. ನಾವು "ಹಲೋ, ಒಂದು ಎರಡು ಮೂರು" ಎಂದರೆ ಅವರಿಗೆ ನಗು. "ಹಿಂಗ ಗೊತ್ತಾಗಂಗಿಲ್ಲ ತಂಗಿ. ಉಕ್ತಲೇಖನ ಕೊಡ್ತೀನಿ. ನಾ ಹೇಳಿದ್ದು ನೀ ತಿರುಗಿ ಹೇಳು. ಯಾವ ಅಕ್ಷರ ನುಂಗಿತು ಅಂತ ಆವಾಗ ತಿಳೀತದ."

ಧಾರವಾಡದಿಂದ ಅಂಚೆಯಲ್ಲಿ ತಡವಾಗಿ ಬರುವ ದಿನಪತ್ರಿಕೆಯನ್ನು ಹಿಡಿದು ಅವರು ನಿಧಾನವಾಗಿ, ಪದ ಬಿಡಿಸಿ, ಪೂರ್ಣವಿರಾಮಕ್ಕೆ ಸರಿಯಾಗಿ ನಿಂತು ಓದುವರು. ನಾನು ತಿರುಗಿ ಹೇಳುವೆ. ಮೈಸೂರು ಕಡೆಯ ನನ್ನ ಉಚ್ಚಾರಣೆಯನ್ನೂ ನಡುನಡುವೆ ತಿದ್ದುವರು. ಆಮೇಲೆ ಅದೇ ಸಾಲಿನಲ್ಲಿ ಗಂಡನೊಂದಿಗೆ ಮಾತಾಡುವರು. ಹಿರಿಯರಿಗೆ ಕೆಲಸವೂ ಆಯಿತು, ಹೆಂಡತಿಯ ಮಾತು ಕೇಳಿದ ಹಾಗೂ ಆಯಿತು.

ಆಗ ನಮ್ಮ ಮುಂದಿದ್ದ ಪ್ರಶ್ನೆ ಪೋರ್ಟಿನ ವೇಗದ್ದು. ರೂಟರಿನಿಂದ ಬರುವ ಕೇಬಲ್ಲು ರೇಡಿಯೊ ಪೆಟ್ಟಿಗೆಯೊಳಗೆ ಹೋಗುವ ಬಾಯಿಯೇ ಪೋರ್ಟು. ನಮ್ಮ ರೇಡಿಯೊ ಗಾಳಿಯಲ್ಲಿ ಸೆಕೆಂಡಿಗೆ ನೂರೈವತ್ತು ಮೆಗಾಬಿಟ್‌ನಷ್ಟು ಸಾಗಿಸಬಲ್ಲದು. ಪೆಟ್ಟಿಗೆಗೆ ಎರಡು ಬಗೆಯ ಕಾರ್ಡು ಸಿಗುತ್ತಿತ್ತು: ಗಿಗಾಬಿಟ್‌ನ, ಅಂದರೆ ಸಾವಿರ ಮೆಗಾಬಿಟ್‌ನ, ಒಂದೇ ಪೋರ್ಟಿನದು, ಇಲ್ಲವೇ ನೂರು ಮೆಗಾಬಿಟ್‌ನ ಎರಡು ಪೋರ್ಟುಗಳದ್ದು. ನೂರರ ಬಾಯಿ ಇಟ್ಟರೆ ಗಾಳಿಯಲ್ಲಿರುವ ಜಾಗದ ಮೂರನೇ ಒಂದು ಪಾಲು ಆ ಬಾಯಿಗೆ ದಕ್ಕುವುದಿಲ್ಲ. ಗಿಗಾಬಿಟ್ ಇಟ್ಟರೆ ಪೂರ್ತಿ ಸಿಗುತ್ತದೆ, ಮುಂದೆ ರೇಡಿಯೊ ಬದಲಾದರೂ ಕಾರ್ಡು ಬದಲಿಸಬೇಕಿಲ್ಲ. ಯಾರು ಯೋಚಿಸಿದರೂ ಗಿಗಾಬಿಟ್ಟನ್ನೇ ಆರಿಸುವ ಪರಿಸ್ಥಿತಿ. ಹಿರಿಯರೂ ಅದನ್ನೇ ಆರಿಸಿದರು. ನನಗೂ ಸರಿಯೆನಿಸಿತ್ತು.

ಲೈನು ಶುರುವಾದಾಗ ಚೆನ್ನಾಗಿಯೇ ಇತ್ತು. ಗಿರಾಕಿಗಳು ಸೇರುತ್ತ ಹೋದಂತೆ ಮಾತು ಕಡಿಯತೊಡಗಿತು.

"ಮಾರುಕ... ಯಲ್ಲಿ ಈರು... ದರ" ಎಂದು ಕೇಳಿಸುತ್ತಿತ್ತು. ನಾನು ಹಾಗೇ ತಿರುಗಿ ಹೇಳಿದರೆ ಅಕ್ಕ, "ಮಾರುಕಟ್ಟೆಯಲ್ಲಿ ಈರುಳ್ಳಿ ದರ. ಕಟ್ಟಿನೂ ನುಂಗ್ತು, ಉಳ್ಳಾಗಡ್ಡಿನೂ ನುಂಗ್ತು ನಿಮ್ಮ ಮಷೀನು" ಎನ್ನುವರು.

ವಿಚಿತ್ರವೆಂದರೆ ಲೈನು ತುಂಬಿರಲಿಲ್ಲ. ಗ್ರಾಫಿನಲ್ಲಿ ನೋಡಿದರೆ ಅರ್ಧದಷ್ಟೂ ಬಳಕೆಯಿಲ್ಲ. ಮೊದಲ ಅನುಮಾನ ಚಳಿಗಾಲದ ಗಾಳಿಯ ಮೇಲೆ ಹೋಯಿತು. ನರ್ಮದೆಯ ಪಾತ್ರದ ಮೇಲೆ ಬೆಳಗಿನ ಮಂಜು ಕೂತಾಗ ಸಿಗ್ನಲ್ಲು ಬಾಗುತ್ತದೆ, ನೀರಿಗೆ ತಾಗಿ ಬಂದದ್ದು ನೇರವಾಗಿ ಬಂದದ್ದರ ಜೊತೆ ಜಗಳವಾಡುತ್ತದೆ. ಗೋಪುರ ಹತ್ತಿಸಿ ಡಿಶ್ಶುಗಳ ದಿಕ್ಕು ತಿದ್ದಿಸಿದೆವು. ಸಿಗ್ನಲ್ಲು ಏರಿತು, ಮಾತು ಕಡಿಯುವುದು ನಿಲ್ಲಲಿಲ್ಲ. ಮಟಮಟ ಮಧ್ಯಾಹ್ನವೂ ಕಡಿಯುತ್ತಿತ್ತು, ಆಗ ಎಲ್ಲಿಯ ಮಂಜು?

ಆಮೇಲೆ ಅಡಾಜಣ್‌ನಲ್ಲಿ ಕೇಬಲ್ಲುಗಳನ್ನು ಕೂಡಿಸುವ ಸ್ವಿಚ್ಚು ಪೆಟ್ಟಿಗೆಯಲ್ಲಿ ಒಂದು ದೋಷ ಸಿಕ್ಕಿತು. ಕೇಬಲ್ಲಿನ ಒಂದು ತುದಿ ಹೇಳುವುದು ಕೇಳುವುದು ಎರಡನ್ನೂ ಒಟ್ಟಿಗೆ ಮಾಡುತ್ತಿತ್ತು, ಇನ್ನೊಂದು ತುದಿ ಒಂದಾದ ಮೇಲೊಂದು. ಹಿರಿಯರು ಫೋನಿನಲ್ಲೇ ಕೂಗಿದರು: "ಸಿಕ್ತು ನೋಡ್ರಿ ಕಳ್ಳ!" ಸರಿಪಡಿಸಿದೆವು. ಎರಡು ದಿನ ಹಾಯಾಗಿತ್ತು. ಮೂರನೆಯ ದಿನ ಅಕ್ಕ ಉಕ್ತಲೇಖನ ಮುಗಿಸಿ, "ಇವತ್ತ ಮತ್ತ ಬಂತು ತಂಗಿ. ಅವರಿಗೆ ನೀನ ಹೇಳು, ನಂಗ ಹೇಳ್ಲಿಕ್ಕೆ ಮನಸ್ಸು ಬರವಲ್ದು" ಎಂದರು.

ಗಿರಾಕಿಗಳ ದೂರು ಏರಿತು. ಹಿರಿಯರ ಭಾನುವಾರಗಳು ಒಂದೊಂದಾಗಿ ತಪ್ಪಿದವು. ಸಂಜೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಊಟ ಆತೇನು, ಗುಳಿಗಿ ತಗೊಂಡೇನು ಎಂದು ಕೇಳಿ ಇಡುವರು. ಅಕ್ಕ ಹೂಂ ಎನ್ನುವರು. ಉಳಿದ ಮಾತೆಲ್ಲ ಈ ಕಡಿಯುವ ಲೈನಿನಲ್ಲೇ.

ಸುಳಿವು ಕೊಟ್ಟದ್ದು ಅಕ್ಕನ ಒಂದು ಮಾತು. "ಇದು ಮಳಿ ಹನಿ ಹಂಗ ಒಂದೊಂದ ಬೀಳಂಗಿಲ್ಲ. ಗುಂಪಾಗಿ ಬರ್ತದ. ಬಂತಂದ್ರ ಒಂದು ಪದಾನ ಹೋಗ್ತದ, ಆಮ್ಯಾಲ ಒಂದು ಪುಟಾ ಸ್ವಚ್ಛ."

ನಾವು ನೋಡುತ್ತಿದ್ದ ಗ್ರಾಫು ಐದು ನಿಮಿಷದ ಸರಾಸರಿ. ಸೆಕೆಂಡಿನ ಸಣ್ಣ ಪಾಲಿನಲ್ಲಿ ನಡೆಯುವುದು ಅದರಲ್ಲಿ ಕಾಣುವುದೇ ಇಲ್ಲ. ಸೂರತ್ತಿನ ಒಂದು ಆಸ್ಪತ್ರೆ ತನ್ನ ಸ್ಕ್ಯಾನ್ ಚಿತ್ರಗಳನ್ನು ಅಹಮದಾಬಾದಿನ ತಜ್ಞರಿಗೆ ನಮ್ಮ ಲೈನಿನಲ್ಲೇ ಕಳಿಸುತ್ತಿತ್ತು. ಹಿರಿಯರು ಆಸ್ಪತ್ರೆಯವರಿಂದಲೇ ಚಿತ್ರ ಕಳಿಸಿಸಿ ನೋಡಿದರು. ಅತ್ತ ಚಿತ್ರ ಹೊರಟಿತು, ಇತ್ತ ಅಕ್ಕನ ಪದ ಹೋಯಿತು. ಮತ್ತೆ ಕಳಿಸಿಸಿದರು, ಮತ್ತೆ ಹೋಯಿತು.

ಈ ಲೈನಿನಲ್ಲಿ ಮಾತೂ ಚಿತ್ರವೂ ಸಣ್ಣ ಸಣ್ಣ ತುಣುಕುಗಳಾಗಿ ಸಾಗುತ್ತವೆ. ಗಿಗಾಬಿಟ್ ಪೋರ್ಟು ಚಿತ್ರವನ್ನು ಒಂದೇ ರಭಸಕ್ಕೆ ರೇಡಿಯೊದೊಳಗೆ ನೂಕುತ್ತಿತ್ತು. ರೇಡಿಯೊ ಅದನ್ನು ನೂರೈವತ್ತರ ವೇಗದಲ್ಲಷ್ಟೇ ಹೊರಗೆ ಬಿಡಬಲ್ಲದು. ಮಿಕ್ಕದ್ದನ್ನು ತಡೆದಿಟ್ಟುಕೊಳ್ಳಲು ಅದರೊಳಗೆ ಜಾಗ ಬಹಳ ಕಡಿಮೆ. ಜಾಗ ತುಂಬಿದೊಡನೆ ಚಿತ್ರದ ತುಣುಕೋ ಮಾತಿನ ತುಣುಕೋ ಎಂದು ನೋಡದೆ ಬಂದದ್ದನ್ನು ಚೆಲ್ಲುತ್ತಿತ್ತು. ಚಿತ್ರದ ತುಣುಕು ಬಿದ್ದರೆ ಕಂಪ್ಯೂಟರು ಮತ್ತೆ ಕಳಿಸುತ್ತದೆ. ಮಾತಿನ ತುಣುಕು ಬಿದ್ದರೆ ಬಿದ್ದಂತೆಯೇ. ಮಾತನ್ನು ಮೊದಲು ಬಿಡು ಎಂದು ನಾವು ರೂಟರಿಗೆ ಹೇಳಿಟ್ಟಿದ್ದೆವು. ಆದರೆ ತನ್ನ ಮುಂದಿನ ಪೋರ್ಟು ಅಷ್ಟು ಅಗಲವಾಗಿರುವುದರಿಂದ ರೂಟರಿಗೆ ಎಂದೂ ಸಾಲು ನಿಲ್ಲಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಸಾಲೇ ಇಲ್ಲದ ಮೇಲೆ ಯಾರನ್ನು ಮುಂದೆ ಬಿಡುವುದು?

ರೂಟರಿನಲ್ಲೇ ವೇಗಕ್ಕೆ ಕಡಿವಾಣ ಹಾಕಲು ನೋಡಿದೆವು. ಆ ಕಾಲದ ನಮ್ಮ ರೂಟರು ಆ ಲೆಕ್ಕ ಮಾಡುತ್ತಲೇ ಏದುಸಿರು ಬಿಟ್ಟಿತು. ತುಂಬಿದಾಗ "ತಡೆ" ಎಂದು ರೇಡಿಯೊ ರೂಟರಿಗೆ ಹೇಳುವ ವ್ಯವಸ್ಥೆಯಿತ್ತು. ಅದನ್ನು ಹಾಕಿದರೆ ಚಿತ್ರದ ಜೊತೆ ಮಾತೂ ನಿಂತು ಇನ್ನಷ್ಟು ಕೆಟ್ಟಿತು.

ಹಿರಿಯರು ತೀರ್ಮಾನಕ್ಕೆ ಬಂದರು. ಗಿಗಾಬಿಟ್ ಕಾರ್ಡುಗಳನ್ನು ತೆಗೆದು ನೂರರ ಕಾರ್ಡು ಹಾಕುವುದು. ಒಂದು ಪೋರ್ಟಿನಲ್ಲಿ ಮಾತು ಮತ್ತು ಉಳಿದೆಲ್ಲ. ಗಾಳಿಯಲ್ಲಿ ಉಳಿಯುವ ಐವತ್ತನ್ನು ಎರಡನೆಯ ಪೋರ್ಟಿಗೆ ಕಟ್ಟಿ ಅದರಲ್ಲಿ ಆಸ್ಪತ್ರೆಯ ಚಿತ್ರ ಮಾತ್ರ. ಆಗ ನೂಕುನುಗ್ಗಲು ಆಗುವುದು ರೂಟರಿನ ಮುಂದೆ, ನಮ್ಮ ಕಣ್ಣೆದುರು. ಮಾತು ಮೊದಲು ಹೋಗುತ್ತದೆ, ಚಿತ್ರ ತುಸು ತಡವಾಗಿ ತಲುಪುತ್ತದೆ.

ವಸ್ತ್ರಾಪುರದ ಮೀಟಿಂಗಿಗೆ ನಾನೂ ಹೋಗಿದ್ದೆ. ಅಹಮದಾಬಾದಿನವರೇ ಆದ ನಮ್ಮ ಮುಖ್ಯಸ್ಥರು ಒಳ್ಳೆಯ ಮನುಷ್ಯ, ಆದರೆ ಅವರ ಮೇಲೂ ಒತ್ತಡವಿತ್ತು. "ಅರೆ ಭಾಯಿ, ಗಿಗಾಬಿಟ್ ಅಂತ ಹೇಳಿ ಮಾರಿದ್ದೀವಿ. ಈಗ ಹಿಂದಕ್ಕೆ ಹೋಗುವುದೇ? ಜನ ಏನಂತಾರೆ?" ಎಂದು ಹಿಂದಿಯಲ್ಲಿ ಕೇಳಿದರು.

ಹಿರಿಯರು ಹಿಂದಿಯಲ್ಲೇ ಶಾಂತವಾಗಿ ಹೇಳಿದರು: "ಸರ್, ಈಗ ನಾವು ಮಾತನ್ನು ಎಲ್ಲಿ ಕಳಕೊಳ್ತಿದ್ದೀವಿ ಅಂತ ನಮಗೇ ಕಾಣಿಸೋದಿಲ್ಲ. ಸಣ್ಣ ಪೋರ್ಟ್ ಹಾಕಿದರೆ ಕನಿಷ್ಠ ಕಾಣಿಸುತ್ತದೆ."

ಮುಖ್ಯಸ್ಥರು ತಿರುಗಿಸುತ್ತಿದ್ದ ಪೆನ್ನನ್ನು ಕೆಳಗಿಟ್ಟು, "ಚಲೋ, ಕರೋ" ಎಂದು ಒಪ್ಪಿಗೆ ಕೊಟ್ಟರು.

ಒಂದು ಭಾನುವಾರ ಬೆಳಿಗ್ಗೆ ಕಾರ್ಡು ಬದಲಿಸಿದೆವು. ಹಿರಿಯರು ಅಹಮದಾಬಾದಿನಲ್ಲಿ, ನಾನು ವಡೋದರಾದಲ್ಲಿ, ಸೂರತ್ತಿನಲ್ಲಿ ಅಲ್ಲಿನ ಟೆಕ್ನಿಷಿಯನ್. ಹಿರಿಯರು ಆ ಭಾನುವಾರ ಮನೆಗೆ ಹೋಗುವುದೆಂದಿತ್ತು, ಈ ಕೆಲಸಕ್ಕಾಗಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಲೈನು ಎದ್ದಿತು. ಆಸ್ಪತ್ರೆಯವರು ಬೇಕೆಂದೇ ಚಿತ್ರದ ಮೇಲೆ ಚಿತ್ರ ಕಳಿಸಿದರು. ಮಾತಿನ ಸಾಲಿನಲ್ಲಿ ಬಿದ್ದುಹೋದ ತುಣುಕುಗಳ ಎಣಿಕೆ ಸೊನ್ನೆಯಲ್ಲೇ ನಿಂತಿತು. ಹಿರಿಯರು "ಸೊನ್ನಿ! ಸೊನ್ನಿ ಅದ ನೋಡ್ರಿ!" ಎಂದು ಮಗುವಿನ ಹಾಗೆ ಹೇಳುತ್ತಲೇ ಇದ್ದರು.

ಮರುದಿನ ಅಕ್ಕ ಉಕ್ತಲೇಖನ ಶುರು ಮಾಡಿದರು. ಅವರ ದನಿ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು. ಪತ್ರಿಕೆ ಮಡಿಸಿದ ಸದ್ದೂ ಕೇಳಿಸಿತು.

"ಜಿಲ್ಲಾಧಿ... ಕಾರಿಗಳು ಸೋಮ... ವಾರ ಶಾಲೆಗೆ..."

ನಾನು ಪರದೆ ನೋಡಿದೆ. ಸೊನ್ನೆ. ಇನ್ನೊಂದು ತುದಿಯ ಎಣಿಕೆ ನೋಡಿದೆ. ಅಲ್ಲೂ ಸೊನ್ನೆ. ಅಕ್ಕ ಓದುತ್ತಿದ್ದರು, ಪದದ ನಡುವೆ ನಿಲ್ಲುತ್ತಿದ್ದರು. ಪೂರ್ಣವಿರಾಮಕ್ಕೆ ಸರಿಯಾಗಿ ನಿಲ್ಲುವ ಟೀಚರು ಅವರು. ಅಷ್ಟರಲ್ಲಿ ಅಲ್ಲಿ ಅಡುಗೆಮನೆಯ ಕುಕ್ಕರು ಕೂಗಿತು. ಅಕ್ಕನ ಮಾತು ನಿಂತಿತು, ಕುಕ್ಕರಿನ ಕೂಗು ನಿಲ್ಲಲಿಲ್ಲ. ಲೈನು ಕಡಿದರೆ ಎಲ್ಲವೂ ಒಟ್ಟಿಗೆ ಕಡಿಯಬೇಕು. ಇಲ್ಲಿ ಫ್ಯಾನಿನ ಗುಂಯ್‌ಗುಡುವಿಕೆ, ಕೆಳಗೆ ರಿಕ್ಷಾದ ಹಾರನ್ನು, ಎಲ್ಲ ಅಖಂಡವಾಗಿ ಬರುತ್ತಿದ್ದವು. ಮಾತಿನ ನಡುವೆ ಮಾತ್ರ ಖಾಲಿ, ಆ ಖಾಲಿಯೊಳಗೆ ಸಣ್ಣದಾಗಿ ಎಳೆದುಕೊಳ್ಳುವ ಉಸಿರು.

"ಹೇಳು, ಏನಂದೆ... ನಾನು?" ಎಂದರು.

ನಾನು ತಿರುಗಿ ಹೇಳಲಿಲ್ಲ. "ಅಕ್ಕ, ನೀವು ಮಧ್ಯ ಮಧ್ಯ ನಿಲ್ಲಿಸ್ತಿದೀರ" ಎಂದೆ.

"ಲೈನ್ ಕಡೀಲಿಕ್ಕತ್ತದ."

"ಇಲ್ಲ ಅಕ್ಕ. ಕುಕ್ಕರ್ ಕೂಗಿದ್ದು ಪೂರ್ತಿ ಕೇಳಿಸ್ತು."

ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. "ನಿಮ್ಮ ಲೈನು ಇಷ್ಟು ಚಲೋ... ಆಗಬಾರದಿತ್ತು ನೋಡು" ಎಂದರು.

ಕಾಯಿಲೆ ನಿಂತಲ್ಲಿ ನಿಂತಿರಲಿಲ್ಲ. ಇನ್ನು ಮನೆಯಲ್ಲೇ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಳ್ಳಬೇಕು ಎಂದು ಡಾಕ್ಟರು ಹೇಳಿ ಕೆಲವು ವಾರಗಳಾಗಿದ್ದವು. ಕೆಳಗಿನ ಮನೆಯಲ್ಲಿದ್ದ ತಮ್ಮ ಅಕ್ಕನ ಬಾಯನ್ನೂ ಇವರು ಕಟ್ಟಿಹಾಕಿದ್ದರು.

"ಅವರಿಗೆ ಹೇಳಬ್ಯಾಡ ತಂಗಿ. ಓಡಿ ಬರ್ತಾರ. ಬಂದು ನನ್ನ ಮುಂದ... ಕುಂದರ್ತಾರ. ನಾ ಉಸಿರಾಡೋದು ಎಣಿಸಿಕೋತ ಕುಂದರ್ತಾರ. ನಂಗ ಅದು ನೋಡ್ಲಿಕ್ಕೆ ಆಗಂಗಿಲ್ಲ. ಲೈನ್ ಕೆಟ್ಟದ ಅಂತನ... ಇರ್ಲಿ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಫೋನಿಟ್ಟೆ.

ಆ ವಾರ ಹಿರಿಯರು ಅಹಮದಾಬಾದಿನಿಂದ ಫೋನ್ ಮಾಡಿ, "ಎಲ್ಲಾರ ಮಾತೂ ಚಲೋ ಕೇಳಸ್ತದ, ಸೂರತ್ ಮನಿ ಫೋನ್ ಒಂದ ಕಡೀತದ. ಅಲ್ಲಿ ತಂತಿ ನೋಡಿಸ್ರಿ" ಎಂದರು. ತಂತಿ ಬದಲಿಸಿದೆವು. ಫೋನ್ ಬದಲಿಸಿದೆವು. "ಇದು ಸರಿಯಾಗೋ ತನಕ ಬಿಟ್ಟು ಹೋಗಂಗಿಲ್ಲ ನಾನು. ಸರಿ ಮಾಡೇ ಆಕಿ ಕಡೆ ಹೋಗ್ತೀನಿ" ಎಂದು ಮುಂದಿನ ಭಾನುವಾರವನ್ನೂ ಬಿಟ್ಟುಕೊಟ್ಟರು. ಆಗ ನನಗೆ ತಡೆಯಲಾಗಲಿಲ್ಲ. ಅಕ್ಕ ಕೇಳಿದ್ದು ಅವರ ಹಕ್ಕು ಎಂದು ಅಷ್ಟು ದಿನ ಅಂದುಕೊಂಡಿದ್ದೆ. ಆದರೆ ಇಲ್ಲದ ದೋಷವನ್ನು ಹುಡುಕುತ್ತ ಆ ಮನುಷ್ಯ ಅಹಮದಾಬಾದಿನಲ್ಲಿ ಕೂತಿದ್ದರು, ಅತ್ತ ಅಕ್ಕನಿಗೆ ಉಳಿದಿದ್ದ ದಿನಗಳು ಹೋಗುತ್ತಿದ್ದವು.

ಬೆಳಗಿನ ರೈಲು ಹಿಡಿದು ಅಹಮದಾಬಾದಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಹೊರಗೆ ಚಹಾ ಕುಡಿಯೋಣ ಎಂದು ಹಿರಿಯರನ್ನು ಕರೆದುಕೊಂಡು ಹೋದೆ. ವಸ್ತ್ರಾಪುರದ ಕೆರೆಯ ಪಕ್ಕದ ಗಾಡಿಯಲ್ಲಿ ಚಹಾ ತೆಗೆದುಕೊಂಡು ನಿಂತೆವು.

"ಸರ್, ಸೂರತ್ ಲೈನ್ ಸರಿ ಇದೆ."

"ಎಲ್ಲೆ ಸರಿ ಅದ್ರೀ? ನಿನ್ನೆನೂ ಆಕಿ ಮಾತು..."

ಅಲ್ಲಿಗೇ ನಿಂತರು. ನನ್ನ ಮುಖ ನೋಡಿದರು. ನಾನು ಏನನ್ನೂ ಸೇರಿಸಬೇಕಾಗಲಿಲ್ಲ. ಕೈಯಲ್ಲಿದ್ದ ಚಹಾವನ್ನು ಗಾಡಿಯ ಮೇಲೆ ಮೆಲ್ಲಗೆ ಇಟ್ಟರು. "ನಿಮಗ ಆಕೀನ ಹೇಳಿದಳೇನು?" ಎಂದು ಕೇಳಿದರು. "ನಾನೇ ಕೇಳಿಸಿಕೊಂಡೆ ಸರ್, ಆಮೇಲೆ ಒಪ್ಪಿಕೊಂಡರು" ಎಂದೆ. ಅವರು ಕಚೇರಿಗೆ ವಾಪಸು ಹೋಗಲಿಲ್ಲ. ಹಾಗೇ ರಸ್ತೆಗೆ ಬಂದು ರಿಕ್ಷಾ ನಿಲ್ಲಿಸಿ ಸ್ಟೇಷನ್ನಿಗೆ ಹೋದರು. ಅವರ ಬ್ಯಾಗನ್ನು ಮರುದಿನ ಬೇರೆಯವರ ಕೈಯಲ್ಲಿ ಕಳಿಸಿದೆವು.

ಎರಡು ದಿನದ ಮೇಲೆ ಕೇಂದ್ರದ ಫೋನು ಬಡಿಯಿತು. ಅಕ್ಕ.

"ಹೇಳಿದಿ ಅಲ್ಲಾ."

"ಹೇಳಿದೆ ಅಕ್ಕ."

ಹಿಂದೆ ಆಕ್ಸಿಜನ್ ಸಿಲಿಂಡರು ಸಣ್ಣಗೆ ಸುಯ್‌ಗುಡುವುದು ಕೇಳಿಸುತ್ತಿತ್ತು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಇವತ್ತ ಅವರು ಚಹಾ ಮಾಡಿ... ಕೊಟ್ರು. ಸಕ್ಕರಿ ಮರ್ತಿದ್ರು. ನಾನೂ ಹೇಳಲಿಲ್ಲ, ಕುಡದೆ" ಎಂದರು. ಆಮೇಲೆ, "ನೀ ನನ್ನ ಮಾತು... ಕೇಳಬೇಕಾಗಿತ್ತು ತಂಗಿ" ಎಂದು ಇಟ್ಟರು.

ಆಮೇಲೆ ಅವರು ಉಕ್ತಲೇಖನ ಕೊಡಲಿಲ್ಲ. ನನಗೆ ಕೇಳುವ ಧೈರ್ಯವಾಗಲಿಲ್ಲ. ಹಿರಿಯರು ಸೂರತ್ತಿನಿಂದಲೇ ಕೆಲಸ ನೋಡಿಕೊಂಡರು, ಮುಖ್ಯಸ್ಥರು ಒಂದು ಮಾತೂ ಆಡದೆ ಒಪ್ಪಿದರು. ಲೈನು ಚೆನ್ನಾಗಿ ನಡೆಯಿತು. ಮುಂದೆ ಹಾಕಿದ ಲೈನುಗಳಿಗೂ ನೂರರ ಪೋರ್ಟೇ ಇರಲಿ ಎಂದು ಕಚೇರಿ ತೀರ್ಮಾನಿಸಿತು. ಹೋಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಅಕ್ಕ ಹೋದರು. ಗಂಡ ಪಕ್ಕದಲ್ಲೇ ಇದ್ದರು.

ವೈಕುಂಠ ಸಮಾರಾಧನೆಯ ದಿನ ನಾನು, ನನ್ನ ಗಂಡ ಅಡಾಜಣ್‌ಗೆ ಹೋದೆವು. ಮನೆ ತುಂಬ ಜನ. ಸೂರತ್ತಿನ ಕನ್ನಡದವರು, ಬ್ಯಾಂಕಿನವರು, ಊರಿನಿಂದ ಬಂದವರು. ಹಿರಿಯರು ನನ್ನನ್ನು ಕಂಡು, "ಬರ್ರಿ, ಮ್ಯಾಲ ಹೋಗೋಣು, ಇಲ್ಲೆ ಧಗಿ ಭಾಳ" ಎಂದು ತಾರಸಿಗೆ ಕರೆದುಕೊಂಡು ಹೋದರು. ತಾರಸಿಯ ಮೇಲೆ ಇನ್ನೂ ಧಗೆ. ದೂರದಲ್ಲಿ ತಾಪಿ ನದಿ ಬತ್ತಿ ಮರಳು ಹೊಳೆಯುತ್ತಿತ್ತು. ಅವರು ಗೋಡೆಗೆ ಒರಗಿ ನಿಂತರು.

"ಒಂದು ಮಾತು ಖರೇ ಹೇಳ್ರಿ" ಎಂದರು. "ಚಳಿಗಾಲದಾಗ ಮಾತು ಕಡೀತಿತ್ತಲ್ಲ. ಅದರಾಗ ಲೈನ್ ಎಷ್ಟು, ಆಕಿ ಎಷ್ಟು?"

ಇದನ್ನು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಯೋಚಿಸಿದೆ. ಚೆಲ್ಲಿಹೋದ ತುಣುಕಿನಲ್ಲಿ ಪದವಿತ್ತೋ ಬರಿಯ ಉಸಿರಿತ್ತೋ, ಯಾವ ಯಂತ್ರವೂ ಹೇಳುವುದಿಲ್ಲ.

"ಗೊತ್ತಿಲ್ಲ ಸರ್. ಆಗ ಲೈನೇ ಅಷ್ಟು ಕೆಟ್ಟಿತ್ತು. ಎರಡೂ ಬೆರೆತುಹೋಗಿತ್ತು."

ಅವರು ತಲೆಯಾಡಿಸಿದರು. "ಮೊದಲನೇ ದಿವಸಾನ ನೂರರ ಕಾರ್ಡ್ ಹಾಕಿದ್ರ..." ಎಂದು ಶುರು ಮಾಡಿದವರು ಮುಂದೆ ಹೇಳಲಿಲ್ಲ. ಹಾಕಿದ್ದರೆ ಅಕ್ಕನ ಉಸಿರು ಕಡಿಯುವುದು ಅವರಿಗೆ ಚಳಿಗಾಲದಲ್ಲೇ ಕೇಳಿಸುತ್ತಿತ್ತು. ಅವರು ಚಳಿಗಾಲದಲ್ಲೇ ಮನೆಗೆ ಬರುತ್ತಿದ್ದರು. ಅದು ಇಬ್ಬರಿಗೂ ಗೊತ್ತಿತ್ತು. ಗಿಗಾಬಿಟ್ ಆರಿಸಿದ್ದಕ್ಕೆ ಆ ದಿನ ನೂರು ಸರಿಯಾದ ಕಾರಣಗಳಿದ್ದವು ಎಂದು ನಾನು ಹೇಳಬಹುದಿತ್ತು. ಅವರಿಗೆ ಆ ಕಾರಣಗಳು ನನಗಿಂತ ಚೆನ್ನಾಗಿ ಗೊತ್ತಿದ್ದವು.

ಕೆಳಗಿನಿಂದ ಅಕ್ಕನ ಒಡಹುಟ್ಟಿದ ಅಕ್ಕ ಊಟಕ್ಕೆ ಎಲೆ ಹಾಕಿದೆ ಎಂದು ಕೂಗಿದರು. ಅವರು ಕೇಳಿಸಿಕೊಂಡರು, ಆದರೆ ಕದಲಲಿಲ್ಲ. ನಾನೂ ಅವರ ಪಕ್ಕದಲ್ಲಿ ನಿಂತೇ ಇದ್ದೆ. ಎರಡನೆಯ ಸಲ ಕೂಗಿದಾಗ, "ಬಂದ್ವಿ" ಎಂದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿದರು.